ತೀರಿಕೊಂಡೋರಿಗೆ ಪೂಜೆ, ಪ್ರಾರ್ಥನೆ: ಎಲ್ಲಿಂದ ಶುರು ಮಾಡೋದು, ಏನೇನ್ ಮಾಡೋದು

ನಮ್ಮ ಚಿಕ್ಕಪ್ಪ ತೀರ್ಕೊಂಡು ಹನ್ನೆರಡ್ ದಿನ ಆಗಿತ್ತು, ರಾತ್ರಿ ಹತ್ತೂವರೆಗೆ ಅವರ ಮಗ ಫೋನ್ ಮಾಡ್ದ. "ಅಕ್ಕಾ, ಅಪ್ಪಂಗೆ ಪೂಜೆ ಕೊಡಿಸ್ಬೇಕು ಅಂತ ಅಮ್ಮ ದಿನಾ ಹೇಳ್ತಾವ್ರೆ, ಯಾರನ್ನ ಕೇಳ್ಬೇಕು, ಎಷ್ಟು ಕೊಡ್ಬೇಕು, ಅಲ್ಲಿ ಹೋಗಿ ಏನಂತ ಹೇಳ್ಬೇಕು, ನಂಗೆ ಒಂದೂ ಗೊತ್ತಿಲ್ಲ." ಪಾಪ, ಅವನು ಚರ್ಚ್ ಕಡೆ ಬರೋದು ಕ್ರಿಸ್ಮಸ್ಸು ಈಸ್ಟರ್ರಿಗೆ ಮಾತ್ರ. ಇಷ್ಟು ದಿನ ಇಂಥದ್ದನ್ನೆಲ್ಲ ಚಿಕ್ಕಪ್ಪನೇ ನೋಡ್ಕೊಳ್ತಿದ್ರು, ಈಗ ಚಿಕ್ಕಪ್ಪನಿಗೇ ಮಾಡ್ಬೇಕಾಗಿ ಬಂದಾಗ ಮನೇಲಿ ಗೊತ್ತಿರೋರೇ ಇಲ್ಲ. ಅವನಿಗೆ ಅವತ್ತು ಫೋನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ. ಪೂಜೆ ಅಂದ್ರೆ ಇಲ್ಲಿ ಚರ್ಚಲ್ಲಿ ಗುರುಗಳು ಅರ್ಪಿಸೋ ಮಾಸ್. ನಾವು ಕಥೋಲಿಕರು, ಅದಕ್ಕೆ ಹೆಚ್ಚಿಗೆ ನಮ್ಮ ಪದ್ಧತಿನೇ ಬರುತ್ತೆ, ಸಿಎಸ್ಐನೋರು (ಪ್ರೊಟೆಸ್ಟಂಟರು), ಆರ್ಥಡಾಕ್ಸ್‌ನೋರ ವಿಷಯ ಮಧ್ಯದಲ್ಲಿ ಒಂದಿಷ್ಟು ಇದೆ.

ಮೊದ್ಲು ಯಾಕೆ ಅನ್ನೋದು, ಚುಟುಕಾಗಿ

ಸತ್ತೋರೆಲ್ಲ ನೇರ ಸ್ವರ್ಗಕ್ಕೇ ಹೋಗಿದ್ರೆ ಅವರಿಗೆ ನಮ್ಮ ಪ್ರಾರ್ಥನೆ ಬೇಡ, ನರಕಕ್ಕೆ ಹೋಗಿದ್ರೆ ಪ್ರಾರ್ಥನೆಯಿಂದ ಉಪಯೋಗ ಇಲ್ಲ. ದೇವರ ಸ್ನೇಹದಲ್ಲೇ ಸತ್ತಿದಾರೆ ಆದ್ರೆ ಇನ್ನೂ ಪೂರ್ತಿ ತೊಳೆದು ಶುದ್ಧ ಆಗಿಲ್ಲ, ಅಂಥೋರಿಗೆ ಒಂದು ಶುದ್ಧೀಕರಣ ಇದೆ ಅನ್ನೋದು ಧರ್ಮಸಭೆಯ (ಇಡೀ ಕಥೋಲಿಕ ಚರ್ಚಿನ) ಬೋಧನೆ. ಪುಸ್ತಕದಲ್ಲಿ ಶುದ್ಧೀಕರಣ ಸ್ಥಳ ಅಂತಾರೆ, ನಮ್ಮಜ್ಜಿ ಬಾಯಲ್ಲಿ ಅದು ಉತ್ತರಿಸೋ ಸ್ಥಳ. ಅಲ್ಲಿರೋರು ತಮಗೋಸ್ಕರ ತಾವು ಏನೂ ಮಾಡ್ಕೊಳಕ್ಕಾಗಲ್ಲ, ನಾವು ಬೇಡ್ಕೊಂಡ್ರೆ ಅವರಿಗೆ ಸಹಾಯ ಆಗುತ್ತೆ. ಅಷ್ಟೇ ವಿಷಯ. ಇದನ್ನ 1439ರ ಫ್ಲಾರೆನ್ಸ್ ಮಹಾಸಭೆ (ಬಿಷಪ್ಪರುಗಳ ದೊಡ್ಡ ಸಭೆ), 1563ರಲ್ಲಿ ಟ್ರೆಂಟ್ ಮಹಾಸಭೆ ಗಟ್ಟಿಯಾಗಿ ಹೇಳಿವೆ, ಆದ್ರೆ ಪದ್ಧತಿ ಅದಕ್ಕಿಂತ ಎಷ್ಟೋ ಹಳೇದು. ಸಂತ ಆಗಸ್ಟೀನರ ತಾಯಿ ಮೋನಿಕಾ 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ಸಾಯೋ ಮುಂಚೆ ಮಕ್ಕಳಿಗೆ ಹೇಳಿದ್ದು ಇಷ್ಟೇ, ಈ ದೇಹನ ಎಲ್ಲಾದ್ರೂ ಹೂಳ್ರಪ್ಪ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಪೂಜೆ ಪೀಠದ ಹತ್ರ ಮಾತ್ರ ನನ್ನ ನೆನೀರಿ ಅಂತ. ಆಫ್ರಿಕಾದಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗ್ಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇಟ್ಕೊಂಡಿದ್ದ ಹೆಂಗಸು ಅದು, ಕೊನೆಗೆ ಅದನ್ನೂ ಬಿಟ್ಟು ಈ ಒಂದನ್ನ ಕೇಳಿದ್ದು.

ಬೈಬಲ್‌ನಲ್ಲಿ ಎಲ್ಲಿದೆ ಅಂತ ಯಾರಾದ್ರೂ ಕೇಳ್ತಾರೆ, ಕೇಳೇ ಕೇಳ್ತಾರೆ, ಎರಡನೇ ಮಕ್ಕಬಿಯರ ಗ್ರಂಥ 12ನೇ ಅಧ್ಯಾಯದ ಕೊನೆ ನೋಡಿ. ಯುದ್ಧದಲ್ಲಿ ಸತ್ತ ಸೈನಿಕರ ಅಂಗಿ ಒಳಗೆ ವಿಗ್ರಹಗಳ ತಾಯತ ಸಿಗುತ್ತೆ, ಆಗ ಅವರ ಸೇನಾಪತಿ ಯೂದ ಅವರ ಪಾಪಕ್ಕೋಸ್ಕರ ಬೇಡ್ಕೊಂಡು, ಎಲ್ಲರ ಹತ್ರ ಬೆಳ್ಳಿ ನಾಣ್ಯ ಕೂಡಿಸಿ ಜೆರುಸಲೇಮಿಗೆ ಪಾಪಪರಿಹಾರ ಬಲಿಗೆ ಕಳಿಸ್ತಾನೆ. ಈ ಪುಸ್ತಕ ಕಥೋಲಿಕರ 73 ಪುಸ್ತಕದ ಬೈಬಲ್‌ನಲ್ಲಿದೆ, 66 ಪುಸ್ತಕದ್ದರಲ್ಲಿ ಇಲ್ಲ, ಜಗಳ ಅರ್ಧ ಅಲ್ಲೇ ಇರೋದು.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ನಾವು ಬೇಡೋದು ಸತ್ತವರ ಪರವಾಗಿ, ದೇವರ ಹತ್ರ. ಸತ್ತೋರನ್ನ ಕರೆಸೋದು, ಅವರು ಏನ್ ಹೇಳ್ತಾರೆ ಅಂತ ಯಾರದ್ದೋ ಮೈಮೇಲೆ ಬರಿಸಿ ಕೇಳೋದು, ಕನಸಲ್ಲಿ ಬಂದ್ರು ಅಂತ ಹೆದರಿ ಶಾಂತಿ ಮಾಡಿಸೋದು, ಇದೆಲ್ಲ ಬೇರೆ, ಅದನ್ನ ಧರ್ಮಸಭೆ ಒಪ್ಪಲ್ಲ. ಕನಸಲ್ಲಿ ಬಂದ್ರಾ, ಒಂದು ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ) ಹೇಳಿ ಮಗ್ಗಲು ಬದಲಾಯಿಸಿ ಮಲ್ಕೊಳಿ.

ಪೂಜೆ ಬರೆಸೋದು ಹೇಗೆ

ನಿಮ್ಮ ಪ್ಯಾರಿಷ್ (ನಿಮ್ಮ ಏರಿಯಾದ ಚರ್ಚ್) ಆಫೀಸಿಗೆ ಹೋಗಿ. ಅಲ್ಲಿ ಒಂದು ದಪ್ಪ ಪುಸ್ತಕ ಅಥವಾ ಡೈರಿ ಇರುತ್ತೆ, ದಿನಕ್ಕೆ ಒಂದು ಸಾಲು ಎರಡು ಸಾಲು, ಅದರಲ್ಲಿ ಯಾವ ದಿನದ ಪೂಜೆ ಯಾರಿಗೋಸ್ಕರ ಅಂತ ಬರ್ಕೊಳ್ತಾರೆ. "ನಮ್ ತಂದೆಯವರ ಆತ್ಮಶಾಂತಿಗೆ ಒಂದು ಪೂಜೆ ಬರೆಸ್ಬೇಕಿತ್ತು" ಅಂದ್ರೆ ಸಾಕು, ಮಿಕ್ಕಿದ್ದು ಅವರೇ ಕೇಳ್ತಾರೆ. ಊರಲ್ಲಾದ್ರೆ ಉಪದೇಶಿ (ಧರ್ಮಪಾಠ ಹೇಳ್ಕೊಡೋರು) ಹತ್ರನೇ ಹೇಳಿದ್ರೂ ನಡೆಯುತ್ತೆ. ದಿನಾಂಕ, ಹೊತ್ತು, ಯಾವ ಭಾಷೆ ಪೂಜೆ, ಇಷ್ಟು ಮನೇಲೇ ಮಾತಾಡ್ಕೊಂಡು ಹೋಗಿ. ಬೆಂಗಳೂರಲ್ಲಿ ಒಂದೇ ಚರ್ಚಲ್ಲಿ ಬೆಳಗ್ಗೆ ಕನ್ನಡ, ಆಮೇಲೆ ಇಂಗ್ಲಿಷು, ಸಂಜೆ ತಮಿಳು ಅಂತ ಇರುತ್ತೆ, ನೀವು ಇಂಗ್ಲಿಷ್ ಪೂಜೆಗೆ ಬರೆಸಿ ನಿಮ್ಮಮ್ಮ ಕನ್ನಡ ಪೂಜೆಲಿ ಕೂತು ಹೆಸರಿಗೆ ಕಾದ್ರೆ ಏನ್ ಉಪಯೋಗ.

ಹೆಸರು ಬರೆಸುವಾಗ ಮಾತ್ರ ಹುಷಾರು. ನಮ್ಮ ಚಿಕ್ಕಪ್ಪನ ಹೆಸರು ಚೌರಪ್ಪ. ಶವೇರಿಯಾರ್ ಅನ್ನೋದೇ ನಮ್ಮ ಹಳ್ಳಿಗಳಲ್ಲಿ ಚೌರಪ್ಪ ಆಗಿರೋದು, ಹಂಗೇ ಇಗ್ನೇಷಿಯಸ್ ಇನ್ನಾಸಪ್ಪ, ಪೀಟರ್ ರಾಯಪ್ಪ, ಪೌಲ ಚಿನ್ನಪ್ಪ. ತಿಂಗಳ ಪೂಜೆಗೆ ಮಗ ಚೀಟಿಲಿ ಇಂಗ್ಲಿಷ್ ಅಕ್ಷರದಲ್ಲಿ ಬರ್ದು ಕೊಟ್ಟಿದ್ದ. ಅವತ್ತು ಓದಿದ ಹುಡುಗಿಗೆ ಈ ಕಡೆ ಹೆಸರುಗಳ ಪರಿಚಯ ಇರ್ಲಿಲ್ಲ ಅನ್ಸುತ್ತೆ, ಮೈಕಲ್ಲಿ ತಡಬಡಾಯಿಸಿ "ಚೋರಪ್ಪನವರ ಆತ್ಮಶಾಂತಿಗಾಗಿ" ಅಂದ್ಬಿಟ್ಲು. ನನ್ನ ಪಕ್ಕದಲ್ಲಿ ಚಿಕ್ಕಮ್ಮ ಸೆರಗು ಬಾಯಿಗೆ ಇಟ್ಕೊಂಡ್ರು, ಅತ್ರೋ ನಕ್ರೋ ಇವತ್ತಿಗೂ ಗೊತ್ತಾಗ್ಲಿಲ್ಲ. ದೇವರಿಗೆ ಯಾರು ಅಂತ ಗೊತ್ತು ಬಿಡಿ, ಪೂಜೆ ಸಲ್ಲೋದಕ್ಕೆ ಹೆಸರು ಗಟ್ಟಿಯಾಗಿ ಓದಲೇಬೇಕು ಅಂತೇನೂ ಇಲ್ಲ, ಗುರುಗಳು ಮನಸ್ಸಲ್ಲಿ ಇಟ್ಕೊಂಡು ಅರ್ಪಿಸಿದ್ರೂ ಅದು ಪೂಜೆನೇ. ಆದ್ರೂ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು ಕೊಡಿ, ಓದೋರಿಗೆ ಪೂಜೆಗೆ ಮುಂಚೆ ಒಂದ್ಸಲ ಹೇಳಿ.

ದುಡ್ಡಿನ ವಿಷಯ, ಎಲ್ಲರೂ ಕೇಳಕ್ಕೆ ನಾಚ್ಕೊಳೋದು ಇದನ್ನೇ. ಕೊಡೋದು ಕಾಣಿಕೆ, ರೇಟ್ ಅಲ್ಲ. ಆಯಾ ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪ್ ನೋಡ್ಕೊಳೋ ಪ್ರದೇಶ) ಇಷ್ಟು ಅಂತ ಒಂದು ಮೊತ್ತ ಗೊತ್ತುಮಾಡಿರ್ತಾರೆ, ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ, ನೀವಾಗೇ ಜಾಸ್ತಿ ಕೊಟ್ರೆ ಅದು ನಿಮ್ಮಿಷ್ಟ. ಕೈಲಿ ಇಲ್ಲ ಅಂದ್ರೆ ಇಲ್ಲ ಅಂತ ಹೇಳಿ, ಕಾಣಿಕೆ ಇಲ್ಲದೇನೂ ಬಡವರ ಕೋರಿಕೆಗೆ ಪೂಜೆ ಅರ್ಪಿಸಿ ಅಂತ ಗುರುಗಳಿಗೆ ಧರ್ಮಸಭೆ ಕಾನೂನಿನ 945ನೇ ನಿಯಮ ಹೇಳುತ್ತೆ. ಪೂಜೆ ಕಾಣಿಕೆಯಲ್ಲಿ ವ್ಯಾಪಾರದ ವಾಸನೆನೂ ಬರಬಾರದು ಅನ್ನೋದು 947. ಒಬ್ಬ ಗುರು ದಿನಕ್ಕೆ ಎರಡು ಮೂರು ಪೂಜೆ ಮಾಡಿದ್ರೂ ತಾನು ಇಟ್ಕೊಳೋದು ಒಂದರ ಕಾಣಿಕೆ ಮಾತ್ರ, ಕ್ರಿಸ್ಮಸ್ ದಿನ ಬಿಟ್ಟು. ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಬಂತು ಅಂದ್ರೆ ಹಿಂದೆ ಇದರಲ್ಲಿ ಆದ ಅನಾಹುತ ಸಣ್ಣದಲ್ಲ, 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಎದ್ದು ನಿಂತಿದ್ದೇ ಕಾಣಿಕೆ ಡಬ್ಬಿಗೂ ಸತ್ತವರ ಬಿಡುಗಡೆಗೂ ಗಂಟು ಹಾಕಿದ್ದಕ್ಕೆ.

ಒಂದು ಸಣ್ಣ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ನೀವು ಬರೆಸಿದ ಪೂಜೆ ಒಬ್ಬರಿಗೇನಾ, ಇಲ್ಲ ಹತ್ತು ಹದಿನೈದು ಹೆಸರು ಒಟ್ಟಿಗೆ ಓದೋ ಸಾಮೂಹಿಕ ಪೂಜೆನಾ ಅಂತ ಕೇಳ್ಕೊಳಿ. ಒಟ್ಟಿಗೆ ಮಾಡೋದಾದ್ರೆ ಕೊಟ್ಟೋರಿಗೆ ಅದನ್ನ ಮುಂಚೆನೇ ಹೇಳಿರಬೇಕು, ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ಹಂಗೆ ಮಾಡಬಾರದು ಅಂತ 1991ರಲ್ಲಿ ರೋಮಿನಿಂದ ಆದೇಶ ಬಂದಿತ್ತು, 2025ರಲ್ಲಿ ಆ ನಿಯಮ ಬದಲಾಗಿದೆ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ.

ಯಾವ ದಿನಗಳು? ಮಣ್ಣಾದ ಮೂರನೇ ದಿನ, ಏಳನೇ ದಿನ, ಮೂವತ್ತನೇ ದಿನ, ಆಮೇಲೆ ವರ್ಷಕ್ಕೆ, ಇದು ಹಳೇ ಕ್ರಮ. ಊರಿಂದ ಊರಿಗೆ ಹನ್ನೊಂದು, ನಲವತ್ತು ಅಂತ ಬದಲಾಗುತ್ತೆ, ನಲವತ್ತೇ ಆಗ್ಬೇಕು ಇಲ್ಲಾಂದ್ರೆ ಆತ್ಮ ಹೋಗಲ್ಲ ಅನ್ನೋದೆಲ್ಲ ಇಲ್ಲ, ರಜ ಸಿಗೋ ದಿನ ನೋಡ್ಕೊಳಿ. ಭಾನುವಾರ ನಡೆಯೋದು ಭಾನುವಾರದ ಪೂಜೆನೇ, ವರ್ಷದ ಪೂಜೆ ಅಂತ ಮೃತರಿಗೆ ಬೇರೆ ವಾಚನ ಬೇರೆ ಪ್ರಾರ್ಥನೆ ಇರೋ ಪೂಜೆ ಅವತ್ತು ಮಾಡಲ್ಲ, ಆದ್ರೆ ನಿಮ್ಮ ಕೋರಿಕೆ ಅದರಲ್ಲಿ ಸೇರಿಸಬಹುದು. ಪ್ರತಿ ಭಾನುವಾರ ಒಂದು ಪೂಜೆನ ವಿಚಾರಣಾ ಗುರುಗಳು (ಪ್ಯಾರಿಷ್ ಫಾದರ್) ಇಡೀ ಧರ್ಮಕೇಂದ್ರದ (ಪ್ಯಾರಿಷ್ಷಿನ) ಜನಕ್ಕೋಸ್ಕರ ಅರ್ಪಿಸಲೇಬೇಕು, ಅದಕ್ಕೇ ಕೆಲವೊಮ್ಮೆ "ಆ ಪೂಜೆಗೆ ಆಗಲ್ಲಮ್ಮ, ಸಂಜೇದಕ್ಕೆ ಹಾಕ್ತೀನಿ" ಅಂತಾರೆ. ಶುಭ ಶುಕ್ರವಾರ ಪೂಜೆನೇ ಇಲ್ಲ, ಮಾರನೇ ದಿನ ಶನಿವಾರ ರಾತ್ರಿ ಜಾಗರಣೆವರೆಗೂ ಇಲ್ಲ, ಆ ವಾರದಲ್ಲಿ ವರ್ಷ ಬಿದ್ರೆ ಈಸ್ಟರ್ ಆಗಿ ಒಂದು ವಾರ ಕಳೆದ ಮೇಲೆ ಇಟ್ಕೊಳಿ.

ಮೂವತ್ತು ದಿನದ ಪೂಜೆ

ಗ್ರೆಗೋರಿಯನ್ ಪೂಜೆ ಅಂತ ಕೇಳಿರ್ತೀರ. ಒಬ್ಬರೇ ಮೃತರಿಗೆ, ಮೂವತ್ತು ದಿನ ಬಿಡದೆ, ದಿನಕ್ಕೊಂದು ಪೂಜೆ. ಆರನೇ ಶತಮಾನದ ಕೊನೆ ಹೊತ್ತಿಗೆ ಪೋಪ್ ಮಹಾ ಗ್ರೆಗೊರಿಯವರ ರೋಮಿನ ಮಠದಲ್ಲಿ ಜುಸ್ತುಸ್ ಅನ್ನೋ ಸನ್ಯಾಸಿ ಔಷಧಿ ನೋಡ್ಕೊಳ್ತಿದ್ದ, ಸಾಯೋ ಹೊತ್ತಲ್ಲಿ ಅವನು ಮೂರು ಚಿನ್ನದ ನಾಣ್ಯ ಬಚ್ಚಿಟ್ಟಿದ್ದು ಸಿಕ್ತು, ಮಠದಲ್ಲಿ ಯಾರಿಗೂ ಸ್ವಂತ ದುಡ್ಡು ಇರಬಾರದು. ಗ್ರೆಗೊರಿ ಕೋಪದಲ್ಲಿ ಅವನನ್ನ ಆ ನಾಣ್ಯ ಸಮೇತ ಬೇರೆ ಕಡೆ ಹೂಳಿಸಿದ್ರು, ಆಮೇಲೆ ಮನಸ್ಸು ತಡೀಲಿಲ್ಲ, ಮೂವತ್ತು ದಿನ ಬಿಡದೆ ಪೂಜೆ ಮಾಡಿಸಿದ್ರು, ಕೊನೆಗೆ ಜುಸ್ತುಸ್ ತನ್ನ ಸೋದರನಿಗೆ ಕಾಣಿಸ್ಕೊಂಡು ಈಗ ಸರಿಯಾಗಿದೀನಿ ಅಂದ ಅಂತ ಗ್ರೆಗೊರಿಯವರೇ ಬರೆದಿದಾರೆ. ನಂಗೆ ಈ ಕಥೇಲಿ ಇಷ್ಟ ಆಗೋದು ಆ ಕೋಪ ಕರಗಿದ್ದು.

ಪ್ಯಾರಿಷ್‌ನಲ್ಲಿ ಇದು ಕಷ್ಟ, ಮಧ್ಯದಲ್ಲಿ ಬೇರೆಯವರು ಬರೆಸಿರೋ ದಿನ ಇರುತ್ತೆ. ಸನ್ಯಾಸಿ ಮಠಗಳಲ್ಲಿ, ವಯಸ್ಸಾದ ಗುರುಗಳು ಇರೋ ಮನೆಗಳಲ್ಲಿ ಕೇಳಿ, ಇಲ್ಲಾ ನಿಮ್ಮ ಫಾದರನ್ನೇ ಕೇಳಿದ್ರೆ ದಾರಿ ತೋರಿಸ್ತಾರೆ. ಮೂವತ್ತೂ ದಿನ ಒಬ್ಬರೇ ಗುರು ಆಗ್ಬೇಕು ಅಂತಿಲ್ಲ. ವಾಟ್ಸಾಪಲ್ಲಿ ಬರೋ "ಇಷ್ಟು ಕಳಿಸಿ, ಮೂವತ್ತು ಪೂಜೆ ಆಗುತ್ತೆ" ಅನ್ನೋ ಮೆಸೇಜಿಗೆಲ್ಲ ದುಡ್ಡು ಹಾಕ್ಬೇಡಿ.

ಮನೇಲಿ

ಮನೆ ಪ್ರಾರ್ಥನೆಗೆ ಯಾರೂ ಬರಬೇಕಿಲ್ಲ, ಊಟ ಹಾಕ್ಬೇಕಿಲ್ಲ. ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ನಮ್ಮಲ್ಲಿ ಮೂವತ್ತನೇ ದಿನಕ್ಕೆ ಶಾಮಿಯಾನ, ಬಿರಿಯಾನಿ, ಫ್ಲೆಕ್ಸು ಅಂತ ಸಾಲ ಮಾಡಿ, ಮೂವತ್ತೊಂದನೇ ದಿನದಿಂದ ಆ ಹೆಸರೇ ಎತ್ತದ ಮನೆಗಳನ್ನ ನೋಡಿದೀನಿ. ದಿನಾ ಎರಡು ನಿಮಿಷ ಸಾಕು.

ನಾವು ಮಾಡೋದು ಹಿಂಗೆ. ರಾತ್ರಿ ಊಟಕ್ಕೆ ಮುಂಚೆ ಪೀಠದ ಹತ್ರ ಮೇಣದ ಬತ್ತಿ ಹಚ್ಚಿ, ಶಿಲುಬೆ ಗುರುತು ಹಾಕಿ, ಒಬ್ಬರು ಹೆಸರು ಹೇಳೋದು, ಬರೀ ಹೆಸರು. ಆಮೇಲೆ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ (ಮಾತೆ ಮರಿಯಮ್ಮನ ಪ್ರಾರ್ಥನೆ), ಕೊನೆಗೆ "ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ, ನಿತ್ಯ ಜ್ಯೋತಿ ಇವರ ಮೇಲೆ ಬೆಳಗಲಿ" ಅಂತ ಒಬ್ಬರು ಅಂದ್ರೆ ಮಿಕ್ಕೋರು "ಇವರು ಸಮಾಧಾನದಲ್ಲಿ ವಿಶ್ರಮಿಸಲಿ, ಆಮೆನ್". ಪದ ಒಂದೊಂದು ಊರಲ್ಲಿ ಒಂದೊಂದು ಥರ ಇರುತ್ತೆ, ನಿಮ್ಮ ಪ್ರಾರ್ಥನೆ ಪುಸ್ತಕದಲ್ಲಿ ಇರೋ ಹಂಗೆ ಹೇಳಿ. ಟೈಮಿದ್ರೆ 130ನೇ ಕೀರ್ತನೆ ಓದಿ, ಆಳದಿಂದ ಮೊರೆ ಇಡೋ ಕೀರ್ತನೆ ಅದು, ಎಂಟೇ ವಚನ, ಬೆಳಗಿಗಾಗಿ ಕಾಯೋ ಕಾವಲುಗಾರನ ಮಾತು ಬರುತ್ತಲ್ಲ ಅದು. ರಾತ್ರಿ ಆಸ್ಪತ್ರೆ ಬೆಂಚಲ್ಲಿ ಕೂತು ಬಂದೋರಿಗೆ ಆ ಸಾಲು ಬಿಡಿಸಿ ಹೇಳ್ಬೇಕಿಲ್ಲ.

ಜಪಸರ (ಮಣಿಸರ ಹಿಡಿದು ಹೇಳೋ ಮರಿಯಮ್ಮನ ಜಪ) ಮಾಡೋದಾದ್ರೆ ಒಂಬತ್ತು ದಿನ ಇಡ್ಕೊಳಿ, ಅಕ್ಕಪಕ್ಕದೋರು ಬಂದ್ರೆ ಒಳ್ಳೇದು, ಕಾಫಿ ಬಿಸ್ಕತ್ತಿಗೆ ನಿಲ್ಲಿಸಿ. ಮಂಗಳೂರು ಕಡೆ ಕೊಂಕಣಿ ಮನೆಗಳಲ್ಲಿ ದಿನಾ ಸಂಜೆ ತೇರ್ಸ್, ಅಂದ್ರೆ ಇದೇ ಜಪಸರ, ಹೇಳೋ ರೂಢಿ ಇರೋದ್ರಿಂದ ಅವರಿಗೆ ಇದು ಬೇರೆ ಕೆಲಸ ಅನ್ಸಲ್ಲ, ಅದರ ಕೊನೇಲೇ ಸತ್ತವರನ್ನ ಸೇರಿಸ್ಕೊಳ್ತಾರೆ. ಹೆಸರು ಮರೆಯದೇ ಇರಕ್ಕೆ ನಮ್ಮಮ್ಮ ಬೈಬಲ್ ಹಿಂದಿನ ಖಾಲಿ ಹಾಳೇಲಿ ಬರೀತಿದ್ರು, ಹೆಸರು, ಸತ್ತ ತಾರೀಖು, ಕೆಲವರಿಗೆ ಊರು ಮಾತ್ರ. ಅದರಲ್ಲಿ ಒಂದು ಸಾಲು "ಹಾಲಿನವನ ತಾಯಿ" ಅಂತಿದೆ, ಆಯಮ್ಮನ ಹೆಸರು ಅಮ್ಮನಿಗೂ ಗೊತ್ತಿರ್ಲಿಲ್ಲ. ಈಗ ಆ ಹಾಳೇಲಿ ನಮ್ಮಮ್ಮನ ಹೆಸರೂ ಇದೆ, ನಾನೇ ಬರೆದಿದ್ದು.

ಪ್ರಾರ್ಥನೆ ಬಾಯಿಗೆ ಬರಲ್ಲ ಅನ್ನೋರು ಅವರ ಹೆಸರಲ್ಲಿ ದಾನ ಮಾಡಿ, ಉಪವಾಸ ಮಾಡಿ, ಅದೂ ಸಲ್ಲುತ್ತೆ. ಅಪ್ಪ ಯಾರಿಗಾದ್ರೂ ಸಾಲ ಉಳಿಸ್ಕೊಂಡಿದ್ರೆ ಮೊದ್ಲು ಅದನ್ನ ತೀರಿಸಿ, ಆಮೇಲೆ ಮಿಕ್ಕಿದ್ದು.

ಜನ ಮೆಲ್ಲಗೆ ಕೇಳೋ ಪ್ರಶ್ನೆಗಳು

ಆತ್ಮಹತ್ಯೆ ಮಾಡ್ಕೊಂಡೋರಿಗೆ ಪೂಜೆ ಕೊಡಬಹುದಾ? ಕೊಡಬಹುದು. ಹಳೇ ಕಾಲದಲ್ಲಿ ಅಂಥೋರಿಗೆ ಚರ್ಚಿನ ಅಂತ್ಯಕ್ರಿಯೆ ಇರ್ಲಿಲ್ಲ, 1983ರ ಧರ್ಮಸಭೆ ಕಾನೂನಲ್ಲಿ ಆ ನಿಷೇಧ ತೆಗೆದ್ರು, ದೇವರು ತನಗೊಬ್ಬನಿಗೇ ಗೊತ್ತಿರೋ ದಾರೀಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲ, ಧರ್ಮಸಭೆ ಅವರಿಗೋಸ್ಕರ ಪ್ರಾರ್ಥಿಸುತ್ತೆ ಅಂತ ಧರ್ಮೋಪದೇಶದಲ್ಲೇ (ಧರ್ಮಸಭೆಯ ಬೋಧನೆಗಳ ಪುಸ್ತಕ) ಇದೆ. ಯಾರಾದ್ರೂ ನಿಮ್ಮ ಮುಂದೆ ಬೇರೆ ಥರ ಮಾತಾಡಿದ್ರೆ ಎದ್ದು ಬನ್ನಿ.

ಕ್ರೈಸ್ತರಲ್ಲದೋರಿಗೆ? ಕೊಡಬಹುದು, ಬದುಕಿರೋರು ಸತ್ತೋರು ಯಾರಿಗೆ ಬೇಕಾದ್ರೂ ಗುರು ಪೂಜೆ ಅರ್ಪಿಸಬಹುದು ಅಂತ 901ನೇ ನಿಯಮ. ನಮ್ಮ ಭಾವ ಹಿಂದೂ, ಅವರ ತಾಯಿಗೆ ನಮ್ಮಕ್ಕ ವರ್ಷ ವರ್ಷ ಪೂಜೆ ಬರೆಸ್ತಾಳೆ, ಅವರು ಪಿತೃಪಕ್ಷಕ್ಕೆ ಎಡೆ ಇಡ್ತಾರೆ, ಮನೇಲಿ ಯಾರಿಗೂ ತೊಂದ್ರೆ ಆಗಿಲ್ಲ. ಜ್ಞಾನಸ್ನಾನ (ಬ್ಯಾಪ್ಟಿಸಮ್) ಆಗೋ ಮುಂಚೆ ತೀರಿಹೋದ ಮಗುಗೂ ಅಂತ್ಯಕ್ರಿಯೆ ಪ್ರಾರ್ಥನೆ ಇದೆ, ತಂದೆತಾಯಿ ಜ್ಞಾನಸ್ನಾನ ಕೊಡಿಸೋ ಮನಸ್ಸಲ್ಲಿದ್ರು ಅಂದ್ರೆ ಬಿಷಪ್ ಅನುಮತಿ ಮೇಲೆ ಮಾಡ್ತಾರೆ. ದಹನ ಮಾಡಿದ್ರೆ? 1963ರಿಂದ ಅಡ್ಡಿಯಿಲ್ಲ, ಬೂದಿನ ನದಿಗೆ ಚೆಲ್ಲೋದು, ಹಂಚ್ಕೊಳೋದು ಬೇಡ, ಸಿಮೆಟ್ರಿಲಿ ಇಡಿ ಅಂತ 2016ರಲ್ಲಿ ರೋಮ್ ಹೇಳ್ತು.

ಸಿಎಸ್ಐ, ಮೆಥಡಿಸ್ಟ್, ಪೆಂತೆಕೋಸ್ತ್ ನೆಂಟರು ಇದ್ರೆ ಅವರಿಗೆ ಇದು ಒಗ್ಗಲ್ಲ. ಮನುಷ್ಯ ಒಂದೇ ಸಲ ಸಾಯೋದು, ಆಮೇಲೆ ನ್ಯಾಯತೀರ್ಪು ಅನ್ನೋ ಇಬ್ರಿಯರ ಪತ್ರದ ಮಾತು ತೋರಿಸ್ತಾರೆ. ಅವರ ಸ್ಮರಣೆ ಕೂಟದಲ್ಲಿ ಸತ್ತವರ ಬದುಕಿಗೆ ದೇವರಿಗೆ ಸ್ತೋತ್ರ, ಇರೋರಿಗೆ ಸಮಾಧಾನ ಬೇಡೋದು, ಅಷ್ಟು. ಇಬ್ಬರೂ ಇರೋ ಮನೇಲಿ ನಾವು ಮಾಡಿದ್ದು, ಒಟ್ಟಿಗೆ ಕೀರ್ತನೆ 23, ಪರಲೋಕ ಮಂತ್ರ, ಒಂದು ಹಾಡು, ಜಪಸರನ ಅವರು ಹೋದ್ಮೇಲೆ ಇಟ್ಕೊಂಡ್ವಿ. ಮಣ್ಣು ಒಣಗೋ ಮುಂಚೆ ದೇವಶಾಸ್ತ್ರದ ವಾದ ಯಾಕೆ. ಆರ್ಥಡಾಕ್ಸ್‌ನೋರು ನಮ್ಮ ಹಂಗೇ ಸತ್ತವರಿಗೋಸ್ಕರ ಪ್ರಾರ್ಥಿಸ್ತಾರೆ, ನಮ್ಮ ಶುದ್ಧೀಕರಣ ಸ್ಥಳದ ವಿವರ ಮಾತ್ರ ಒಪ್ಪಲ್ಲ. ಗ್ರೀಸು ರಷ್ಯಾ ಕಡೆ ಗೋಧಿ ಬೇಯಿಸಿ ಸಕ್ಕರೆ ಜೇನು ಬೆರೆಸಿ ಹಂಚ್ತಾರೆ, ಮಣ್ಣಿಗೆ ಬಿದ್ದ ಗೋಧಿಕಾಳು ಸತ್ತು ಮೊಳೆಯುತ್ತೆ ಅನ್ನೋ ಯೇಸುವಿನ ಮಾತಿಗೆ.

ನವೆಂಬರ್, ಸಿಮೆಟ್ರಿ

ನವೆಂಬರ್ 2 ಸಮಸ್ತ ಮೃತರ ದಿನ. ಫ್ರಾನ್ಸಿನ ಕ್ಲೂನಿ ಮಠದ ಒಡಿಲೋ 998ರ ಸುಮಾರಿಗೆ ತಮ್ಮ ಮಠಗಳಿಗೆ ಈ ದಿನ ಗೊತ್ತುಮಾಡಿದ್ರು, ಅಲ್ಲಿಂದ ಎಲ್ಲಾ ಕಡೆ ಹಬ್ಬಿತು. ಅವತ್ತು ಒಬ್ಬೊಬ್ಬ ಗುರುನೂ ಮೂರು ಪೂಜೆ ಮಾಡಬಹುದು, ಮೊದಲನೇ ಮಹಾಯುದ್ಧದಲ್ಲಿ ಹೆಣದ ಮೇಲೆ ಹೆಣ ಬೀಳ್ತಿದ್ದ 1915ರಲ್ಲಿ ಪೋಪ್ ಹದಿನೈದನೇ ಬೆನೆಡಿಕ್ಟರು ಎಲ್ಲರಿಗೂ ಕೊಟ್ಟ ಅನುಮತಿ ಅದು.

ನವೆಂಬರ್ 1ರಿಂದ 8ರವರೆಗೆ ಯಾವ ದಿನವಾದ್ರೂ ಸಿಮೆಟ್ರಿಗೆ ಹೋಗಿ ಸತ್ತವರಿಗೋಸ್ಕರ ಬೇಡ್ಕೊಂಡ್ರೆ, ಮನಸ್ಸಲ್ಲೇ ಆದ್ರೂ ಸರಿ, ಒಬ್ಬ ಮೃತರಿಗೆ ಪೂರ್ಣ ಇಂಡಲ್ಜೆನ್ಸ್ ಸಿಗುತ್ತೆ, ಅಂದ್ರೆ ಕ್ಷಮೆ ಆದ ಪಾಪಕ್ಕೆ ಉಳಿದಿರೋ ಶಿಕ್ಷೆ ಮಾಫಿ. ಜೊತೆಗೆ ಪಾಪನಿವೇದನೆ (ಗುರುಗಳ ಹತ್ರ ಪಾಪ ಹೇಳ್ಕೊಳೋದು), ಪರಮಪ್ರಸಾದ (ಪೂಜೇಲಿ ತಗೊಳೋ ರೊಟ್ಟಿ), ಪೋಪರ ಕೋರಿಕೆಗಳಿಗೆ ಒಂದು ಪರಲೋಕ ಮಂತ್ರ ಒಂದು ನಮೋ ಮರಿಯಾ ಬೇಕು, ಪಾಪದ ಮೇಲೆ ಆಸೆ ಇಟ್ಕೊಂಡಿರಬಾರದು, ಕಷ್ಟದ್ದು ಇದೇ. ಪಾಪನಿವೇದನೆ ಅವತ್ತೇ ಆಗ್ಬೇಕಿಲ್ಲ, 20 ದಿನ ಹಿಂದೆ ಮುಂದೆ ಆದ್ರೂ ನಡೆಯುತ್ತೆ, ಒಂದೇ ನಿವೇದನೆ ಎಂಟೂ ದಿನಕ್ಕೆ ಸಾಕು, ಪರಮಪ್ರಸಾದ ಮಾತ್ರ ಒಂದೊಂದಕ್ಕೆ ಒಂದೊಂದು ಸಲ. ದಿನಕ್ಕೆ ಒಬ್ಬರಿಗೆ ಮಾತ್ರ. ನಾನು ಹಿಂದಿನ ದಿನನೇ ಚೀಟಿ ಮಾಡ್ಕೊಳ್ತೀನಿ, ಎಂಟು ದಿನ ಎಂಟು ಹೆಸರು, ಕೊನೇ ದಿನ ಯಾರೂ ಇಲ್ಲದ ಒಬ್ಬರಿಗೆ. ಸಿಮೆಟ್ರಿ ದೂರ ಇದ್ರೆ 2ನೇ ತಾರೀಖು ಯಾವುದಾದ್ರೂ ಚರ್ಚಿಗೆ ಹೋಗಿ ಪರಲೋಕ ಮಂತ್ರ, ವಿಶ್ವಾಸ ಸಂಗ್ರಹ (ನಾವು ನಂಬೋದನ್ನ ಸಾರೋ ಪ್ರಾರ್ಥನೆ) ಹೇಳಿದ್ರೂ ಆಗುತ್ತೆ. ಕೋವಿಡ್ ಬಂದ 2020ರಲ್ಲಿ ಗುಂಪು ಸೇರಬಾರದು ಅಂತ ಇದನ್ನ ನವೆಂಬರ್ ಪೂರ್ತಿಗೆ ವಿಸ್ತರಿಸಿದ್ರು, ಆ ವರ್ಷ ನಾನೊಬ್ಬಳೇ ಒಂದು ಮಂಗಳವಾರ ಮಧ್ಯಾಹ್ನ ಹೋಗಿದ್ದೆ, ಕಾಗೆ ಬಿಟ್ರೆ ಇನ್ಯಾರೂ ಇರ್ಲಿಲ್ಲ.

ಬೆಂಗಳೂರಲ್ಲಿ ಹೊಸೂರು ರೋಡ್ ಸಿಮೆಟ್ರಿ, ಕಲ್ಪಳ್ಳಿ ಕಡೆ ನವೆಂಬರ್ 2ರ ಸಂಜೆ ಗಾಡಿ ತಗೊಂಡು ಹೋಗೋ ಧೈರ್ಯ ಮಾಡ್ಬೇಡಿ, ಬಸ್ಸಲ್ಲಿ ಹೋಗಿ ಇಲ್ಲಾ ಬೆಳಗ್ಗೆನೇ ಮುಗಿಸಿ. ಸಮಾಧಿ ತೊಳೆಯೋದು, ಕಳೆ ಕೀಳೋದು, ಸುಣ್ಣ ಹೊಡೆಯೋದು ಎರಡು ದಿನ ಮುಂಚೆ ಆಗಿರ್ಲಿ. ಹೂವು ಗೇಟ್ ಹತ್ರ ಡಬಲ್ ರೇಟು, ಸೇವಂತಿಗೆ ಚೆಂಡುಹೂ ಹಿಂದಿನ ದಿನ ಮಾರ್ಕೆಟ್ಟಲ್ಲಿ ತಗೊಂಡು ಒದ್ದೆ ಬಟ್ಟೆ ಸುತ್ತಿಡಿ. ಅವತ್ತು ಮಳೆ ಇಲ್ದಿದ್ರೂ ಗಾಳಿ ಇರುತ್ತೆ, ಬರೀ ಬತ್ತಿ ನಿಲ್ಲಲ್ಲ, ಎರಡು ಲೀಟರ್ ನೀರಿನ ಬಾಟ್ಲಿ ಅರ್ಧಕ್ಕೆ ಕೊಯ್ದು ತಳದಲ್ಲಿ ಒಂದು ಹಿಡಿ ಮಣ್ಣು ಹಾಕಿ, ಗಿಡ್ಡ ದಪ್ಪ ಬತ್ತಿ ಅದರಲ್ಲಿ ನಿಲ್ಲಿಸಿ, ಉದ್ದದ ಸಣ್ಣ ಬತ್ತಿ ಇಟ್ರೆ ಬಾಗಿ ಬಾಟ್ಲಿ ಸುಡುತ್ತೆ. ಹೊರಡುವಾಗ ಬಾಟ್ಲಿ ವಾಪಸ್ ತನ್ನಿ. ಫಾದರ್ ತೀರ್ಥ ಚಿಮುಕಿಸ್ತಾ ಸಾಲು ಸಾಲಾಗಿ ಬರ್ತಾರೆ, ಅಲ್ಲಿವರೆಗೂ ಹಚ್ಚದೆ ಕಾಯಿರಿ. ಬೆಂಕಿಪೊಟ್ಟಣ ಎರಡು ಇಟ್ಕೊಳಿ, ಒಂದು ಪಕ್ಕದ ಸಮಾಧಿಯೋರು ಇಸ್ಕೊಂಡು ಹೋಗ್ತಾರೆ, ವಾಪಸ್ ಬರಲ್ಲ.